ಸಹಾಯ ಬೇಕು: ಡಿಚೋಲಿ ಗುಡ್ಡದಲ್ಲಿ ರೆಸಿಸ್ಟಿವಿಟಿ ಸರ್ವೆ, ರೀಡಿಂಗ್ ಒಂದೇ ಕಡೆ ನಿಲ್ಲುತ್ತಲೇ ಇಲ್ಲ

ಗೋವಾದಲ್ಲಿರುವ ಕನ್ನಡಿಗರಿಗೆಲ್ಲ ನಮಸ್ಕಾರ. ನಾನು ಹುಬ್ಬಳ್ಳಿಯವನು, ಇಲ್ಲಿ ಜಿಯಾಲಜಿ ಎಂಎಸ್ಸಿ ಮಾಡುತ್ತಿದ್ದೇನೆ. ಪ್ರಾಜೆಕ್ಟಿಗೆ ಡಿಚೋಲಿ ಕಡೆಯ ಒಂದು ಗುಡ್ಡದಲ್ಲಿ ಕಬ್ಬಿಣದ ಅದಿರು ಎಷ್ಟು ಆಳಕ್ಕಿದೆ ಅಂತ ನೋಡಬೇಕು. ಅದಕ್ಕೇ ರೆಸಿಸ್ಟಿವಿಟಿ ಸರ್ವೆ, ಅಂದರೆ ನೆಲಕ್ಕೆ ಲೋಹದ ಗೂಟ ಹೊಡೆದು ಕರೆಂಟ್ ಹರಿಸಿ, ಕೆಳಗಿನ ಪದರಗಳು ಅದನ್ನು ಎಷ್ಟು ತಡೆಯುತ್ತವೆ ಅಂತ ಅಳೆಯುವುದು.

ಮೊದಲ ತಲೆನೋವು ಮೇಲಿನ ಮುರಕಲ್ಲು. ಬಿಸಿಲಿಗೆ ಒಣಗಿ ಎಷ್ಟು ಗಟ್ಟಿಯಾಗಿದೆ ಅಂದರೆ, ಸುತ್ತಿಗೆಯಲ್ಲಿ ಹೊಡೆದರೆ ಗೂಟ ಬಾಗುತ್ತದೆಯೇ ಹೊರತು ಒಳಗೆ ಹೋಗಲ್ಲ, ಕರೆಂಟ್ ನೆಲಕ್ಕೆ ಸರಿಯಾಗಿ ಇಳಿಯುವುದೇ ಇಲ್ಲ. ಬಾಟಲಿಯಲ್ಲಿ ಉಪ್ಪುನೀರು ಒಯ್ದು ಸುರಿದೆ. ಹತ್ತು ನಿಮಿಷ ಸರಿ, ಆಮೇಲೆ ಮತ್ತೆ ಅದೇ ಕಥೆ. ಗೂಟದ ಸುತ್ತ ಬೆಂಟೊನೈಟ್ (ನೀರು ಹೀರಿ ಹಿಡಿದಿಡುವ ಜೇಡಿ) ಕೆಸರು ಮೆತ್ತಿದರೆ ಜಾಸ್ತಿ ಹೊತ್ತು ತಡೆಯುತ್ತದಾ? ಯಾರಾದರೂ ಮಾಡಿ ನೋಡಿದ್ದೀರಾ?

ಎರಡನೆಯದು ಇನ್ನೂ ದೊಡ್ಡದು. ಕೆಳಗೆ ರೆಸಿಸ್ಟಿವಿಟಿ ಕಡಿಮೆ ಇರುವ ಪದರ ಸಿಕ್ಕಿದೆ, ಗೈಡ್ ಅದನ್ನು ಅದಿರು ಅಂತಾರೆ. ನನಗೆ ಒದ್ದೆ ಜೇಡಿಮಣ್ಣು ಅನ್ನಿಸುತ್ತಿದೆ, ಅದೂ ಕಡಿಮೆಯೇ ತೋರಿಸುತ್ತದಲ್ವಾ. ಕಾಂತೀಯತೆ ಅಳೆಯುವ ಮ್ಯಾಗ್ನೆಟೋಮೀಟರ್‌ನಿಂದಲೂ ಬಗೆಹರಿಯಲಿಲ್ಲ, ಇಲ್ಲಿನ ಅದಿರು ಹೆಚ್ಚಾಗಿ ಹೆಮಟೈಟ್, ಮ್ಯಾಗ್ನೆಟೈಟ್‌ನ ಹಾಗೆ ಜೋರಾಗಿ ಎಳೆಯಲ್ಲ. ಸಾಲದ್ದಕ್ಕೆ ಪಕ್ಕದಲ್ಲೇ ತಗಡಿನ ಶೆಡ್ಡು, ಕರೆಂಟ್ ತಂತಿ, ಅವೂ ರೀಡಿಂಗ್ ಕೆಡಿಸುತ್ತವೆ!

ಗ್ರಾವಿಟಿ ಸರ್ವೆ (ಕೆಳಗೆ ಭಾರದ ಕಲ್ಲಿದ್ದರೆ ಗುರುತ್ವ ತುಸು ಹೆಚ್ಚುವುದನ್ನು ಅಳೆಯುವುದು) ಮಾಡಿದರೆ ತಿಳಿಯಬಹುದು. ಶುದ್ಧ ಹೆಮಟೈಟ್ ಸಾಂದ್ರತೆ ಘನ ಸೆಂ.ಮೀ.ಗೆ 5 ಗ್ರಾಂ ಆಸುಪಾಸು, ಜೇಡಿಮಣ್ಣು 2ರ ಹತ್ತಿರ. ಆದರೆ ನಮ್ಮ ವಿಭಾಗದಲ್ಲಿ ಗ್ರಾವಿಮೀಟರ್ ಇಲ್ಲ. ಗೋವಾ ಅಥವಾ ಪುಣೆಯಲ್ಲಿ ಎರಡು ದಿನ ಬಾಡಿಗೆಗೆ ಸಿಗುವ ಜಾಗ ಗೊತ್ತಿದ್ದರೆ ಹೇಳಿ. ಗ್ರಾವಿಟಿ ರೀಡಿಂಗಿಗೆ ಗುಡ್ಡದ ಏರಿಳಿತದ ತಿದ್ದುಪಡಿ ಮಾಡಿ ಅನುಭವ ಇರುವವರು ಇಲ್ಲೇ ಕಾಮೆಂಟ್ ಮಾಡಿ, ಡೇಟಾ ಕಳಿಸುತ್ತೇನೆ. ಮಳೆ ಶುರುವಾಗುವ ಮುಂಚೆ ಮುಗಿಸಬೇಕು.