ಪದಚರ್ಚೆ: ಕಡಲು 'ಆರುತ್ತದೆ' ಅನ್ನಬಹುದೇ?

ಗೆಳೆಯರೇ,

ಭೂಮಿಯ ಹವೆಯನ್ನು ನೀರು ಹೇಗೆ ಹದದಲ್ಲಿ ಇಡುತ್ತದೆ ಅಂತ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. 'ಬಾಷ್ಪೀಕರಣ' (ನೀರು ಆವಿಯಾಗುವುದು), 'ಸಾಂದ್ರೀಕರಣ' (ಆವಿ ಮತ್ತೆ ನೀರಾಗುವುದು), 'ಗುಪ್ತೋಷ್ಣ' (ಆವಿಯಲ್ಲಿ ಅಡಗುವ ಕಾವು) ಇವನ್ನೆಲ್ಲ ಬಿಟ್ಟು ಬರೆಯಬೇಕು ಅಂತ ಆಸೆ. ಹುಡುಕುತ್ತಾ ಹೋಗಿ 'ಆರು' ಅನ್ನುವ ಕ್ರಿಯಾಪದದ ಹತ್ತಿರ ನಿಂತಿದ್ದೇನೆ.

ಒದ್ದೆ ಬಟ್ಟೆ ಆರುತ್ತದೆ. ಕಾಯಿಸಿದ ಹಾಲೂ ಆರುತ್ತದೆ. ಮೊದಲನೆಯದು ಒಣಗುವುದು, ಎರಡನೆಯದು ತಣ್ಣಗಾಗುವುದು. (ಗಾಯ, ದೀಪ ಕೂಡ ಆರುತ್ತವೆ, ಅದು ಇಲ್ಲಿ ಬೇಡ.) ಹಳಗನ್ನಡದಲ್ಲಿ ಇದು 'ಆಱು'. ಒಂದೇ ಪದಕ್ಕೆ ಈ ಎರಡು ಅರ್ಥ ಯಾಕೆ ಅಂತ ಅನುಮಾನ ಇದ್ದರೆ, ಮುಂಗೈ ಮೇಲೆ ಒಂದು ಹನಿ ನೀರು ಸವರಿ ಮೆಲ್ಲಗೆ ಊದಿ ನೋಡಿ. ಒದ್ದೆ ಆರುತ್ತಿದ್ದ ಹಾಗೆ ಅಷ್ಟು ಜಾಗ ಮಾತ್ರ ತಣ್ಣಗಾಗುತ್ತದೆ. ಪಕ್ಕದ ಒಣ ಚರ್ಮಕ್ಕೆ ಅಷ್ಟು ತಂಪು ತಗಲುವುದಿಲ್ಲ. ನೀರು ಆವಿಯಾಗಿ ಸುಮ್ನೆ ಹೋಗುವುದಿಲ್ಲ, ಚರ್ಮದ ಕಾವನ್ನೂ ಎತ್ತಿಕೊಂಡು ಹೋಗುತ್ತದೆ. ಒಣಗುವುದು, ತಣಿಯುವುದು ಎರಡೂ ಒಟ್ಟಿಗೇ ನಡೆಯುತ್ತವೆ. ಇಷ್ಟನ್ನೂ ಎರಡಕ್ಷರದಲ್ಲಿ ಹೇಳುವ ಪದ ನಮ್ಮ ಬಾಯಲ್ಲೇ ಇದೆ, ಅಲ್ವಾ?

ಆ ಕಾವು ಎಷ್ಟು ಗೊತ್ತಾ? ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಸುಮಾರು 100 ಕ್ಯಾಲೊರಿ ಸಾಕು. ಅದನ್ನು ಪೂರ್ತಿ ಆವಿ ಮಾಡಲು ಇನ್ನೂ 540 ಕ್ಯಾಲೊರಿ ಬೇಕು. ಅಷ್ಟೂ ಒಳಗೆ ಹೋದರೂ ಥರ್ಮಾಮೀಟರ್ 100 ಬಿಟ್ಟು ಕದಲುವುದಿಲ್ಲ. 1760ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಇದನ್ನು ಗುರುತಿಸಿದರು. ಅವರ ಭಾಷೆಯಲ್ಲಿ ಅದು ಅಡಗಿದ ಶಾಖ. ನಾವು 'ಗುಪ್ತೋಷ್ಣ' ಮಾಡಿಕೊಂಡೆವು. 'ಅಡಗುತಾಣ' ಇದೆಯಲ್ಲ, ಹಾಗೆಯೇ 'ಅಡಗುಕಾವು' ಅಂದರೆ ಹೇಗೆ? ನನಗಂತೂ ತುಂಬಾ ಹಿಡಿಸಿದೆ.

ಇದೇ ಕೆಲಸ ಭೂಮಿಯ ಮೇಲೆ ಎಷ್ಟು ದೊಡ್ಡದಾಗಿ ನಡೆಯುತ್ತದೆ ನೋಡಿ. ಭೂಮಿಯ ಮೈಯಲ್ಲಿ ನೂರಕ್ಕೆ 71 ಪಾಲು ಕಡಲು. ನೆಲ, ಕಡಲು ಹೀರಿಕೊಳ್ಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆವಿ ಗಾಳಿಯ ಜೊತೆ ದೂರ ಸಾಗಿ, ಮೇಲೆ ಮೋಡದಲ್ಲಿ ಹನಿಗಟ್ಟುತ್ತದೆ. ಅಡಗಿದ್ದ ಕಾವು ಅಲ್ಲಿ ಹೊರಗೆ ಬರುತ್ತದೆ. ಬಿಸಿ ಕಡಲಿನ ಕಾವು ತಂಪು ನಾಡುಗಳಿಗೆ ತಲುಪುವ ದಾರಿಗಳಲ್ಲಿ ಇದೂ ಒಂದು. ಚಂಡಮಾರುತಕ್ಕೆ ಬಲ ಸಿಗುವುದೂ ಇಲ್ಲಿಂದಲೇ. 'ಸಾಂದ್ರೀಕರಣ'ದ ಬದಲು 'ಹನಿಗಟ್ಟುವುದು' ಅಂತಲೇ ಬರೆಯುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ತೊಡಕು ಇರುವುದು 'ಆರು' ಪದದಲ್ಲೇ. ಒರೆಸಿದ ನೆಲ ಆರಿತು ಅನ್ನುತ್ತೇವೆ. 'ನೀರು ಆರಿತು' ಅಂದರೆ ಮಾತ್ರ ಬಿಸಿನೀರು ತಣ್ಣಗಾಯಿತು ಅಂತ ಅರ್ಥ. ಅಂದರೆ ಹಾರಿಹೋಗುವುದು ನೀರು, ಆರುವುದು ಒದ್ದೆಯಾದ ವಸ್ತು. ಕೆರೆಯಾದರೆ ಬತ್ತುತ್ತದೆ. ಹಾಗಾದರೆ ಕಡಲು? 'ಕಡಲು ಆರುತ್ತಾ ತಣಿಯುತ್ತದೆ' ಅಂತ ಬರೆದು ಒಬ್ಬ ಹುಡುಗಿಗೆ ಓದಿ ಹೇಳಿದೆ. "ಕಡಲು ಖಾಲಿ ಆಗಿಬಿಡುತ್ತಾ?" ಅಂತ ಗಾಬರಿಯಿಂದ ಕೇಳಿದಳು. ಅವಳು ಕೇಳಿದ್ದು ಸರಿಯಾಗಿಯೇ ಇದೆ.

ಈಗ 'ಕಡಲ ಮೈ ಆರುತ್ತದೆ' ಅಂತ ತಿದ್ದಿದ್ದೇನೆ. ಬೆವರಿದ ಮೈ ಆರುವ ಹಾಗೆ. ನೀರಿಗೆ 'ಆವಿಯಾಗು', ಮೈಗೆ 'ಆರು', ಹೀಗೆ ಎರಡನ್ನೂ ಹಂಚಿ ಬಳಸಿದರೆ ಓದುವಾಗ ಎಡವುತ್ತದಾ? ನೀವು ಮಾತಾಡುವಾಗ 'ಆರು' ಪದವನ್ನು ತುಂಬಿ ನಿಂತ ನೀರಿಗೆ ಯಾವತ್ತಾದರೂ ಬಳಸಿದ್ದೀರಾ? ಬಳಸಿದ್ದರೆ ಆ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ.