ಕೇಪಿನ ಕೋವಿಗೆ ಮನೆಯಲ್ಲೇ ಬಿಲ್ಲೆ: ಯಾವ ರಟ್ಟು, ಯಾವ ಮೇಣ?

ಕೇಳಿದವರು, ಮೂರ್ನಾಡು

ಮನೆಯಲ್ಲಿ ಹಳೆಯ ಜೋಡು ನಳಿಗೆಯ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಹಿಂದೆ ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವಂಥದ್ದು) ಇದೆ, ನಳಿಗೆಯ ಒಳ ಅಳತೆ 12 ಬೋರು ಅನ್ನುತ್ತಾರೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ವೆಡಿ (ಬಾನಿಗೆ ಹಾರಿಸುವ ಹೊಡೆತ) ಇಡಲಿಕ್ಕೆ, ಮತ್ತೆ ಗುರಿ ಅಭ್ಯಾಸಕ್ಕೆ ಮಾತ್ರ ಬಳಕೆ. ಮದ್ದಿನ ಮೇಲೆ ತೆಂಗಿನ ಕತ್ತ ಜಡಿಯುವುದು ಹಿಂದಿನಿಂದ ಬಂದ ಕ್ರಮ. ಆದರೆ ಕತ್ತ ಹೊಗೆಯಾಡುತ್ತಲೇ ಗದ್ದೆಗೆ ಬೀಳುತ್ತದೆ, ಪಕ್ಕದಲ್ಲೇ ಹುಲ್ಲಿನ ಮೆದೆ. ನಾಲ್ಕೈದು ಈಡು (ಹೊಡೆತ) ಆದರೆ ಜಡಿಯುವ ಗಜ ಕೆಳಗಿಳಿಯುವುದೂ ಕಷ್ಟ. ಕತ್ತದ ಬದಲು ರಟ್ಟು ಮತ್ತು ಉಣ್ಣೆಯ ದುಂಡು ಬಿಲ್ಲೆಗಳನ್ನು (ವ್ಯಾಡ್) ಮನೆಯಲ್ಲೇ ಮಾಡಿ ಜಿಡ್ಡು ಹಚ್ಚಬೇಕೆಂದಿದ್ದೇನೆ. ಅಳತೆ ಎಷ್ಟು, ಯಾವ ಸಾಮಾನು, ಜಿಡ್ಡಿನ ಪಾಕ ಹೇಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ? ಬಲ್ಲವರು ತಿಳಿಸಿ.

ಉತ್ತರ, ನಾಪೋಕ್ಲು

ಮೊದಲು ಬೋರು ಅಳೆಯಿರಿ. ‘12 ಅನ್ನುತ್ತಾರೆ’ ಅಂದರೆ ಸಾಲದು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ 14, 16 ಬೋರು ಬಹಳ. 12 ಬೋರಿನ ಒಳವ್ಯಾಸ 18.5 ಮಿ.ಮೀ., 13ಕ್ಕೆ 18, 14ಕ್ಕೆ 17.6, 16ಕ್ಕೆ 16.8. ನಳಿಗೆಯ ಬುಡದ ಅಡಿಭಾಗದಲ್ಲಿ ಪರೀಕ್ಷೆಯ ಮುದ್ರೆಗಳ ಜೊತೆ ಈ ಅಂಕೆ ಕೊರೆದಿರುವುದುಂಟು. ಇದ್ದರೂ ವರ್ನಿಯರ್ ಇಟ್ಟು ನೋಡಿ, ಎರಡೂ ನಳಿಗೆಗಳನ್ನು ಬೇರೆಬೇರೆಯಾಗಿ. ಗಜ ಉಜ್ಜಿ ಉಜ್ಜಿ ಬಾಯಿ ಸವೆದಿದ್ದರೆ ಅಲ್ಲಿ ಸಿಗುವ ಅಳತೆ ಒಳಗಿನದಕ್ಕಿಂತ ದೊಡ್ಡದಿರುತ್ತದೆ.

ಬಿಲ್ಲೆ ಬೋರಿಗಿಂತ 0.3ರಿಂದ 0.5 ಮಿ.ಮೀ. ದೊಡ್ಡದಿರಬೇಕು. 18.5ಕ್ಕೆ 18.9 ಸರಿಹೋಗುತ್ತದೆ. ತೋಟೆಗೆಂದು (ಕಾರ್ಟ್ರಿಜ್) ಮಾರುವ 12 ನಂಬರಿನ ವ್ಯಾಡನ್ನು ಕೇಪಿನ ಕೋವಿಗೆ ಹಾಕಿದರೆ ಹಲವು ಸಲ ಸಡಿಲವಾಗುವುದು ಇದಕ್ಕೇ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಬಿಸಿ ಅನಿಲ ಅಲ್ಲಿಂದ ನುಗ್ಗಿ ಉಣ್ಣೆಯನ್ನು ಸುಡುತ್ತದೆ, ಚರೆಯನ್ನು (ಸೀಸದ ಸಣ್ಣ ಗುಂಡುಗಳನ್ನು) ಚದುರಿಸುತ್ತದೆ. ಎಲ್ಲರೂ ಜಿಡ್ಡಿನ ಪಾಕದ ಬಗ್ಗೆ ಜಗಳ ಆಡುತ್ತಾರೆ, ಆದರೆ ಅಳತೆ ತಪ್ಪಿದ ಬಿಲ್ಲೆಗೆ ಯಾವ ಜಿಡ್ಡು ಹಚ್ಚಿಯೂ ಫಲವಿಲ್ಲ.

ಕತ್ತರಿಸುವ ಪಂಚನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ. ಹೇಳಬೇಕಾದ್ದು ಎರಡೇ. ಒಂದು, ಅಲಗಿನ ಇಳಿಜಾರು ಹೊರಮೈಯಲ್ಲಿರಬೇಕು, ಒಳಮೈ ನೇರ. ಒಳಗಿನಿಂದ ಸಾಣೆ ಹಿಡಿದರೆ ಪ್ರತಿ ಸಲ ಹರಿತ ಮಾಡಿದಾಗಲೂ ಬಿಲ್ಲೆಯ ಅಳತೆ ಬದಲಾಗುತ್ತದೆ. ಎರಡು, ಅಲಗಿನಿಂದ ಮೇಲಕ್ಕೆ ತೂತು ಒಂದಿಷ್ಟು ಅಗಲವಾಗಲಿ, ಪಕ್ಕದಲ್ಲೊಂದು ಕಿಂಡಿ ಇರಲಿ. ಇಲ್ಲದಿದ್ದರೆ ಬಿಲ್ಲೆಗಳು ಒಳಗೇ ಕಚ್ಚಿಕೊಳ್ಳುತ್ತವೆ. ಅಡಿಗೆ ಸಿಲ್ವರ್ ಓಕ್ ತುಂಡನ್ನು ಅಡ್ಡ ಕೊಯ್ದು, ಮರದ ಎಳೆಗಳ ತುದಿ ಮೇಲೆ ಬರುವಂತೆ ನಿಲ್ಲಿಸಿ. ಕಬ್ಬಿಣದ ಮೇಲಿಟ್ಟು ಬಡಿದರೆ ಒಂದೇ ದಿನದಲ್ಲಿ ಅಲಗು ಮೊಂಡಾಗುತ್ತದೆ. ಬಡಿಯಲು ಮರದ ಕೊಡತಿಯೇ ಬೇಕು.

ಉತ್ತರ, ಸೋಮವಾರಪೇಟೆ

ಸಾಮಾನಿನ ವಿಷಯ ನಾನು ಹೇಳುತ್ತೇನೆ. ಮದ್ದಿನ ಮೇಲೆ ಕೂರುವ ಬಿಲ್ಲೆಗೆ ಪುಸ್ತಕ ಬೈಂಡ್ ಮಾಡುವವರ ದಪ್ಪ ರಟ್ಟು, 3 ಮಿ.ಮೀ. ಅಷ್ಟು ದಪ್ಪದ್ದು ಸಿಗದಿದ್ದರೆ 1.5ರ ಎರಡು ಹಾಳೆ ಅಂಟಿಸಿ, ಹಲಗೆಯ ನಡುವೆ ಒತ್ತಿಟ್ಟು ಒಣಗಿದ ಮೇಲೆ ಕತ್ತರಿಸಿ. ಸಾಮಾನು ಬರುವ ಪೆಟ್ಟಿಗೆಯ ಅಲೆಅಲೆ ರಟ್ಟು ಬೇಡವೇ ಬೇಡ. ಒಳಗೆಲ್ಲ ಟೊಳ್ಳು, ಒತ್ತಡ ಬಿದ್ದ ಕೂಡಲೇ ಹರಿಯುತ್ತದೆ.

ಅದರ ಮೇಲಿನ ಮೆತ್ತನೆ ಬಿಲ್ಲೆಗೆ ಕುರಿ ಉಣ್ಣೆಯ ಕಂಬಳಿಗಿಂತ ಒಳ್ಳೆಯದು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಳೆಯ ಒರಟು ಕರಿ ಕಂಬಳಿಯನ್ನು ಬಿಸಿನೀರಲ್ಲಿ ಒಗೆದು ಉಪ್ಪು, ಬೆವರು ತೆಗೆದು, ಮೂರು ಪದರ ತೆಳ್ಳನೆ ಗಂಜಿಯಿಂದ ಅಂಟಿಸಿ ಒತ್ತಿಡಿ. ಕೊನೆಗೆ 9ರಿಂದ 12 ಮಿ.ಮೀ. ದಪ್ಪ ಬಂದರೆ ಸಾಕು. ಗಂಜಿ ಒಣಗಿ ಬಿರುಸಾದ ಕಂಬಳಿ ನೀಟಾಗಿ ಕತ್ತರಿಸುತ್ತದೆ. ಮೆತ್ತಗಿದ್ದರೆ ಪಂಚಿನಡಿ ಎಳೆದುಕೊಂಡು ಅಂಚು ಅಂಕುಡೊಂಕಾಗುತ್ತದೆ.

ಈಗಿನ ‘ಉಣ್ಣೆ’ ಕಂಬಳಿಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅದನ್ನು ಕೋವಿಯ ಹತ್ತಿರ ತರಬೇಡಿ, ನಳಿಗೆಗೆ ಪ್ಲಾಸ್ಟಿಕ್ ಮೆತ್ತಿಕೊಳ್ಳುತ್ತದೆ. ಉಣ್ಣೆಯ ಇನ್ನೊಂದು ಗುಣವೇ ನಿಮ್ಮ ಮೆದೆಯ ಚಿಂತೆಗೆ ಉತ್ತರ: ಬೆಂಕಿ ತಾಗಿದರೂ ತಾನಾಗಿ ಆರುತ್ತದೆ, ಕತ್ತದ ಹಾಗೆ ಒಳಗೊಳಗೇ ಕೆಂಡ ಹಿಡಿದಿಟ್ಟುಕೊಳ್ಳುವುದಿಲ್ಲ.

ಉಣ್ಣೆ ಸಿಗದಿದ್ದರೆ ನೋಟಿಸ್ ಬೋರ್ಡಿಗೆ ಹಾಕುವ 12 ಮಿ.ಮೀ. ಸಾಫ್ಟ್‌ಬೋರ್ಡ್ ನಡೆಯುತ್ತದೆ, ಅಗ್ಗ ಕೂಡ. ಅದು ಮರದ ನಾರು, ಕಿಡಿ ಹಿಡಿದರೆ ಹೊಗೆಯಾಡುತ್ತದೆ. ಒಣ ಗದ್ದೆಯ ಬದಿಗೆ ಅದು ಬೇಡ. ಚರೆಯ ಮೇಲಿನ ತೆಳು ಬಿಲ್ಲೆಗೆ ಲಗ್ನಪತ್ರಿಕೆಯ ಗಟ್ಟಿ ಕಾಗದ ಸಾಕು, ಅರ್ಧ ಮಿ.ಮೀ.ನಷ್ಟು. ಕೊಡಗಿನಲ್ಲಿ ಅದಕ್ಕೇನು ಬರ!

ಉತ್ತರ, ಶ್ರೀಮಂಗಲ

ಜಿಡ್ಡು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಗಟ್ಟಿ ಮಸಿಯಾಗಿ ಉಳಿಯುತ್ತದೆ. ಆ ಮಸಿಯನ್ನು ಮೆತ್ತಗೆ ಇಟ್ಟು, ಮುಂದಿನ ಬಿಲ್ಲೆ ಇಳಿಯುವಾಗ ಒರೆಸಿಕೊಂಡು ಹೋಗುವಂತೆ ಮಾಡುವುದಷ್ಟೇ ಜಿಡ್ಡಿನ ಕೆಲಸ. ಗಜ ಇಳಿಯದಿರುವುದಕ್ಕೆ ಕಾರಣ ಒಣ ಕತ್ತ.

ತೂಕದಲ್ಲಿ ಜೇನುಮೇಣ ಒಂದು ಪಾಲು, ಕರಗಿಸಿ ಸೋಸಿದ ಕುರಿ ಕೊಬ್ಬು ಎರಡು ಪಾಲು. 100 ಗ್ರಾಂ ಮೇಣಕ್ಕೆ 200 ಗ್ರಾಂ ಕೊಬ್ಬು. ಪುತ್ತರಿ ಹೊತ್ತಿನ ಚಳಿಗೆ ಇದು ಗಟ್ಟಿಯೆನಿಸಿದರೆ ಕೊಬ್ಬು ಮೂರು ಪಾಲು ಮಾಡಿ, ಇಲ್ಲವೇ ಒಂದೆರಡು ಚಮಚ ಹರಳೆಣ್ಣೆ ಸೇರಿಸಿ. ಬರೀ ಕೊಬ್ಬರಿ ಎಣ್ಣೆ ನಂಬಬೇಡಿ. ಅದು 24 ಡಿಗ್ರಿಯ ಸುಮಾರಿಗೆ ಕರಗುವ ವಸ್ತು. ಮಡಿಕೇರಿಯ ರಾತ್ರಿ ಕಲ್ಲು, ಮಾರ್ಚ್ ಮಧ್ಯಾಹ್ನ ನೀರು. ನೀರಾದದ್ದು ರಟ್ಟು ದಾಟಿ ಮದ್ದಿಗಿಳಿದರೆ ಕೇಪು ಮಾತ್ರ ಸಿಡಿಯುತ್ತದೆ. ಕೊಬ್ಬು ತಿನ್ನದವರು, ಮುಟ್ಟದವರು ಪುನರ್ಪುಳಿ ಬೀಜದ ತುಪ್ಪ ಬಳಸಬಹುದು, 40 ಡಿಗ್ರಿಯ ಆಸುಪಾಸಿನವರೆಗೂ ಗಟ್ಟಿಯಾಗಿಯೇ ಇರುತ್ತದೆ. ಗಾಡಿಯ ಗ್ರೀಸ್, ಇಂಜಿನ್ ಆಯಿಲ್ ಬೇಡ. ಕರಿಮದ್ದಿನ ಜೊತೆ ಅವು ಡಾಂಬರಿನಂತೆ ಅಂಟಾಗುತ್ತವೆ.

ಹಂದಿ ಕೊಬ್ಬೂ ಆದೀತು, ಆದರೆ ಉಪ್ಪಿಲ್ಲದ್ದು. ಪಂದಿ ಕರಿಯ ಮೇಲೆ ತೇಲಿದ್ದನ್ನು ತೆಗೆದಿಟ್ಟುಕೊಳ್ಳುವ ಉಳಿತಾಯ ಬೇಡ ಮಾರಾಯ್ರೇ, ಉಪ್ಪೂ ಕಾಚಂಪುಳಿಯ ಹುಳಿಯೂ ಸೇರಿ ನಳಿಗೆಯನ್ನೇ ತಿನ್ನುತ್ತವೆ. ಹಸಿ ಕೊಬ್ಬನ್ನು ಸಣ್ಣಗೆ ಹೆಚ್ಚಿ, ನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಮೇಲೆ ಹೆಪ್ಪುಗಟ್ಟಿದ ಬಿಳಿ ಗಡ್ಡೆ ಎತ್ತಿ, ಅಡಿಯ ಕಂದು ಲೋಳೆ ಕೆರೆದು ಹಾಕಿ. ಹೀಗೆ ಎರಡು ಸಲ. ಕೊನೆಗೆ ನೀರಿನ ಪಸೆ ಉಳಿಯದಂತೆ ಇನ್ನೊಮ್ಮೆ ಕಾಯಿಸಿ. ಚಟಪಟ ಸದ್ದು ನಿಂತರೆ ನೀರು ಹೋಯಿತು.

ಮೇಣ ಕರಗುವುದು 62–64 ಡಿಗ್ರಿಗೆ. ನೇರ ಉರಿಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಈ ಕೆಲಸ ನಡೆಯುವ ಕೋಣೆಯಲ್ಲಿ ಮದ್ದಿನ ಡಬ್ಬ ಇರಲೇಬಾರದು. ಕಂಬಳಿ ಬಿಲ್ಲೆಗಳನ್ನು ಹಾಕಿ, ಗುಳ್ಳೆ ಬರುವುದು ನಿಂತ ಮೇಲೆ ಚಿಮಟದಲ್ಲಿ ಎತ್ತಿ, ಬಿಸಿಯಿರುವಾಗಲೇ ಎರಡು ಹಲಗೆಯ ನಡುವೆ ಒತ್ತಿ ಹೆಚ್ಚಿನದನ್ನು ಹಿಂಡಿ. ಆರಿದ ಬಿಲ್ಲೆ ಹಿಚುಕಿದರೆ ಬೆರಳು ಮಿನುಗಬೇಕು, ತೊಟ್ಟಿಕ್ಕಬಾರದು. ಸಾಫ್ಟ್‌ಬೋರ್ಡ್ ಬಿಲ್ಲೆಯನ್ನು ಪೂರ್ತಿ ಮುಳುಗಿಸಬೇಡಿ, ನೆನೆದು ಭಾರವಾಗುತ್ತದೆ. ಅಂಚನ್ನು ಮಾತ್ರ ಪಾಕದಲ್ಲಿ ಉರುಳಿಸಿ. ರಟ್ಟಿಗೆ ಜಿಡ್ಡು ಹಚ್ಚಲೇಬಾರದು. ಮದ್ದಿಗೂ ಜಿಡ್ಡಿಗೂ ನಡುವಿನ ಗೋಡೆ ಅದೊಂದೇ.

ಮತ್ತೆ, ನಾಪೋಕ್ಲು

ತುಂಬುವ ಕ್ರಮ ಯಾರೂ ಹೇಳಲಿಲ್ಲ. ಅಳತೆ ಬಟ್ಟಲಿನಿಂದ ಮದ್ದು (ಡಬ್ಬದಿಂದ ನೇರ ಸುರಿಯಬೇಡಿ, ನಳಿಗೆಯಲ್ಲಿ ಕಿಡಿ ಉಳಿದಿದ್ದರೆ ಡಬ್ಬವೇ ಸಿಡಿಯುತ್ತದೆ), ಮೇಲೆ ಒಣ ರಟ್ಟು, ಅದರ ಮೇಲೆ ಜಿಡ್ಡಿನ ಬಿಲ್ಲೆ, ಒಂದು ತೆಳು ಒಣ ಕಾಗದ, ಚರೆ, ಕೊನೆಗೆ ಲಗ್ನಪತ್ರಿಕೆ ಬಿಲ್ಲೆ. ಉಣ್ಣೆಗೂ ಚರೆಗೂ ನಡುವೆ ಕಾಗದ ಯಾಕೆಂದರೆ, ಜಿಡ್ಡಿಗೆ ಅಂಟಿದ ಚರೆ ಬಿಲ್ಲೆಯ ಜೊತೆಗೇ ಹಾರುತ್ತದೆ, ಸಮನಾಗಿ ಹರಡುವುದಿಲ್ಲ.

ಬಿಗಿ ರಟ್ಟು ಇಳಿಸುವಾಗ ಅಡಿಯ ಗಾಳಿ ಸಿಕ್ಕಿಕೊಂಡು ಗಜವನ್ನು ಮೇಲಕ್ಕೆ ದಬ್ಬುತ್ತದೆ. ಅಂಚಿನ ಹತ್ತಿರ ಸೂಜಿಯಿಂದ ಒಂದು ತೂತು ಚುಚ್ಚಿ. ತುಂಬಿದ ಎತ್ತರಕ್ಕೆ ಗಜದ ಮೇಲೆ ಗೆರೆ ಹಾಕಿಡಿ. ಜೋಡು ನಳಿಗೆಯಲ್ಲಿ ಇದು ಬಹಳ ಮುಖ್ಯ. ಒಂದು ನಳಿಗೆ ಸಿಡಿದ ಹೊಡೆತಕ್ಕೆ ಇನ್ನೊಂದರ ಮೇಲ್ಬಿಲ್ಲೆ ಸಡಿಲಗೊಂಡು ಚರೆ ಮುಂದೆ ಜರುಗಿದರೆ ನಡುವೆ ಟೊಳ್ಳು ಉಳಿಯುತ್ತದೆ, ನಳಿಗೆ ಅಲ್ಲಿ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಒಂದು ಈಡಾದ ಮೇಲೆ ತುಂಬಿದ ನಳಿಗೆಯ ಕೇಪು ತೆಗೆದು, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಇಳಿಸಿ, ನಳಿಗೆಯ ಬಾಯಿ ಮುಖದಿಂದ ದೂರವಿಟ್ಟು ಗಜ ಇಳಿಸಿ ಗೆರೆ ನೋಡಿ.

ಮೊದಲ ಈಡುಗಳ ಬಿಲ್ಲೆಗಳನ್ನು ಹುಡುಕಿ ತನ್ನಿ, ಮುಂದೆ ಹತ್ತಿಪ್ಪತ್ತು ಮೀಟರಿನೊಳಗೆ ಬಿದ್ದಿರುತ್ತವೆ. ಅಂಚು ಒಂದೇ ಬದಿಗೆ ಸುಟ್ಟಿದ್ದರೆ ಅಲ್ಲಿ ಅನಿಲ ಸೋರಿದೆ, ಬಿಲ್ಲೆ ಸಣ್ಣದು ಅಥವಾ ವಾರೆಯಾಗಿ ಕೂತಿದೆ. ರಟ್ಟು ತೂತಾಗಿದ್ದರೆ ದಪ್ಪ ಸಾಲದು. ಉಣ್ಣೆ ಒಣಗಿ ಕರಿದಾಗಿದ್ದರೆ ಜಿಡ್ಡು ಸಾಲದು.

ಮದ್ದಿನ ಪ್ರಮಾಣ ನಿಮ್ಮ ಕೋವಿ ನೋಡಿದ ಅನುಭವಿ ಕೋವಿ ರಿಪೇರಿಯವರು ಹೇಳಬೇಕು, ಇಲ್ಲಿ ಯಾರೂ ಹೇಳಬಾರದು. ತೋಟೆ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಯಾವ ಕಾರಣಕ್ಕೂ ಹಾಕಬೇಡಿ, ಕೇಪಿನ ಕೋವಿ ಆ ಒತ್ತಡಕ್ಕೆ ಕಟ್ಟಿದ್ದಲ್ಲ.

ಉತ್ತರ, ಗೋಣಿಕೊಪ್ಪ

ಪುತ್ತರಿ ವೆಡಿಗೆ ಚರೆ ಬೇಡ. ಒಂದು ತೆಳು ರಟ್ಟು, ಒಂದು ಜಿಡ್ಡಿನ ಕಂಬಳಿ ಬಿಲ್ಲೆ ಸಾಕು. ಬರೀ ಬಿಲ್ಲೆಯಾದರೂ ಹತ್ತಿರದಲ್ಲಿ ಕಣ್ಣು ಕಳೆಯುವಷ್ಟು ಬಿರುಸು ಇರುತ್ತದೆ. ಕದಿರು ತೆಗೆಯಲು ಸೇರಿದ ಜನರ ತಲೆಯ ಮೇಲಿಂದಲ್ಲ, ಖಾಲಿ ದಿಕ್ಕಿಗೆ ಬಾನಿಗೆತ್ತಿ ಇಡಿ.

ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಯ ಬಾಯಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿದ್ದರೆ ಆಮೇಲೆ ನಳಿಗೆಯೊಳಗೆ ಎಸಳು ಉಳಿದಿದೆಯೇ ನೋಡಿ. ಒದ್ದೆ ಎಸಳಿನಡಿ ತುಕ್ಕು ಬೇಗ ಹಿಡಿಯುತ್ತದೆ.

ಬೂಷ್ಟಿನ ವಿಚಾರ: ಗಂಜಿ ಹಾಕಿದ ಬಿಲ್ಲೆ ಆಟಿ ಮಳೆಗೆ ಹಸಿರಾಗುವುದು ಸಹಜ. ಅದಕ್ಕೆಂದು ಗಂಜಿಗೆ ತೋಟದ ಮೈಲುತುತ್ತ ಬೆರೆಸುವವರಿದ್ದಾರೆ. ಬೋರ್ಡೋ ಸಿಂಪಡಿಸಲು ಮನೆಯಲ್ಲಿ ಇದ್ದೇ ಇರುತ್ತದಲ್ಲ. ಬೆರೆಸಬೇಡಿ. ತುತ್ತ ತೇವಕ್ಕೆ ಸೇರಿದರೆ ಕಬ್ಬಿಣ ಕರಗಿ ತಾಮ್ರ ಅಂಟುತ್ತದೆ, ನಳಿಗೆಯಲ್ಲಿ ಗುಳಿ ಬೀಳುತ್ತದೆ. ಜಿಡ್ಡು ಚೆನ್ನಾಗಿ ಹೀರಿದ ಬಿಲ್ಲೆಗೆ ಬೂಷ್ಟು ಹಿಡಿಯುವುದೇ ಕಡಿಮೆ. ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ, ಪದರಕ್ಕೊಂದು ಬೆಣ್ಣೆ ಕಾಗದ ಹಾಕಿ ಜೋಡಿಸಿ. ಒಣ ರಟ್ಟಿನ ಬಿಲ್ಲೆಗಳಿಗೆ ಬೇರೆ ಡಬ್ಬ. ಒಲೆಯ ಮೇಲಿನ ಅಟ್ಟದಲ್ಲಿ ರಟ್ಟಿನ ಡಬ್ಬ ಇಡಬಹುದು, ಮೇಣದ್ದು ಅಲ್ಲಿ ಕರಗುತ್ತದೆ. ತೇವ ಹೀರಿದ ರಟ್ಟು ಉಬ್ಬಿ ನಳಿಗೆಗೆ ಇಳಿಯದಿದ್ದರೆ ಬಿಸಿಲಿಗೆ ಹಾಕಿ, ಮೊದಲಿನ ಅಳತೆಗೆ ಬಹುಪಾಲು ಮರಳುತ್ತದೆ. ಬಡಿದು ಇಳಿಸುವ ಅಗತ್ಯವಿಲ್ಲ.

ವೆಡಿಯಾದ ದಿನವೇ ನಳಿಗೆ ಬಿಸಿನೀರಿನಲ್ಲಿ ತೊಳೆಯಿರಿ. ಈ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಹವೆಯಲ್ಲಿ ಒಂದು ರಾತ್ರಿ ಸಾಕು. ಕೇಪು ಕೂರುವ ನಿಪ್ಪಲ್ ಬಿಚ್ಚಿ ಅದರ ತೂತಿಗೆ ತಂತಿ ಹಾಯಿಸಿ, ಒಣ ಬಟ್ಟೆ ಎಳೆದು ತೆಳ್ಳಗೆ ಎಣ್ಣೆ ಹಾಕಿ. ಮುಂದಿನ ಸಲ ತುಂಬುವ ಮೊದಲು ಆ ಎಣ್ಣೆ ಒರೆಸಿ ತೆಗೆದು, ಬರೀ ಕೇಪು ಒಂದೊಂದು ಸಿಡಿಸಿ ದಾರಿ ಒಣಗಿಸಿಕೊಳ್ಳಿ. ನಳಿಗೆಯ ಬಾಯಿಯ ಮುಂದೆ ಹುಲ್ಲೆಸಳು ಅಲುಗಿದರೆ ದಾರಿ ತೆರೆದಿದೆ.