ಪದಚರ್ಚೆ: ಜಪಸರವನ್ನು ಪೋಣಿಸುವುದೋ, ಕಟ್ಟುವುದೋ? ಹತ್ತು ಮಣಿಯ ತುಂಡಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನ ಮಕ್ಕಳಿಗೆ ಜಪಸರ, ಅಂದರೆ ನಾವು ಕಥೋಲಿಕರು ಪ್ರಾರ್ಥನೆ ಎಣಿಸುವ ಮಣಿಸರ, ಮಾಡುವುದನ್ನು ಹೇಳಿಕೊಡಲು ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅಕ್ಟೋಬರ್ ಜಪಸರದ ತಿಂಗಳು, 7ಕ್ಕೆ ಜಪಸರ ಮಾತೆಯ ಹಬ್ಬ. ಅಷ್ಟರೊಳಗೆ ಮಕ್ಕಳ ಕೈಗೆ ಕೊಡಬೇಕು. ಬರೆಯಲು ಕೂತರೆ ಸಾಲು ಸಾಲಿಗೂ ಪದ ಹುಡುಕುವ ಕೆಲಸ. ಪ್ರಾರ್ಥನೆಯ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ: ಬಲಿಪೂಜೆ, ಪರಮಪ್ರಸಾದ, ಶುಭಸಂದೇಶ, ಪಾಪನಿವೇದನೆ. ಆದರೆ ಕೈಯಲ್ಲಿ ದಾರ, ಮಣಿ, ಇಕ್ಕಳ ಹಿಡಿದು ಮಾಡುವ ಕೆಲಸಕ್ಕೆ ಪ್ರಾರ್ಥನೆ ಪುಸ್ತಕದಲ್ಲಿ ಪದ ಇರುವುದಿಲ್ಲವಲ್ಲ. ಅದು ಹೂ ಕಟ್ಟುವವರ, ಕರಿಮಣಿ ಪೋಣಿಸುವವರ ಬಾಯಲ್ಲಿರಬೇಕು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ವಸ್ತುವಿನ ಹೆಸರು. ಜಪಮಾಲೆ ಅಂತಲೂ ಅಂತೀವಿ, ಜಪಸರ ಅಂತಲೂ ಅಂತೀವಿ. ಎರಡೂ ಒಂದೇ ಅಂತ ಬಿಟ್ಟುಬಿಡಬಹುದು, ಆದರೆ ನನಗೇಕೋ ಹಾಗನ್ನಿಸುವುದಿಲ್ಲ. ಕನ್ನಡದಲ್ಲಿ ಮಾಲೆ ಅಂದಕೂಡಲೇ ಹೂವು ನೆನಪಾಗುತ್ತದೆ. ಸರ ಅಂದರೆ ಮಣಿ, ಮುತ್ತು, ಚಿನ್ನ: ಮಣಿಸರ, ಕಾಸಿನ ಸರ, ಎರಡೆಳೆ ಸರ. ಹಾಗೆ ನೋಡಿದರೆ ಮಣಿಯಿಂದ ಮಾಡಿದ್ದು ಸರವೇ. ಆದರೆ ಮಾಲೆಗೂ ಒಂದು ನೆಲೆ ಇದೆ, ಏಕೆಂದರೆ ಲ್ಯಾಟಿನ್ನಿನ ರೊಸಾರಿಯುಮ್ ಅಂದರೆ ಗುಲಾಬಿ ತೋಟ, ಒಂದೊಂದು 'ನಮೋ ಮರಿಯ' ಪ್ರಾರ್ಥನೆಯೂ ಮರಿಯ ಮಾತೆಗೆ ಅರ್ಪಿಸಿದ ಒಂದೊಂದು ಗುಲಾಬಿ ಅನ್ನುವ ಭಾವನೆ ಯುರೋಪಿನಲ್ಲಿ ತುಂಬಾ ಹಳೆಯದು. ನಾನು ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ಹೇಳುವ ಪ್ರಾರ್ಥನೆಗೆ ಜಪಮಾಲೆ, ಕೈಯಲ್ಲಿ ಹಿಡಿಯುವ ವಸ್ತುವಿಗೆ ಜಪಸರ. ನಿಮ್ಮ ಕಡೆ ಹೀಗೆ ಬೇರೆ ಮಾಡಿ ಹೇಳುವ ರೂಢಿ ಇದೆಯಾ?

ನಮ್ಮತ್ತೆ ಮಂಗಳೂರು ಕಡೆಯವರು. ಅವರಿಗೆ ಇದು ಜಪಮಾಲೆಯೂ ಅಲ್ಲ, ಜಪಸರವೂ ಅಲ್ಲ, ತೇರ್ಸ್. ಸಂಜೆ ಮನೆಯ ಪೀಠದ ಮುಂದೆ ಎಲ್ಲರೂ ಕೂತು ತೇರ್ಸ್ ಮುಗಿಸಿದ ಮೇಲೆ ಚಿಕ್ಕವರು ದೊಡ್ಡವರ ಹತ್ತಿರ ಹೋಗಿ ಬೆಸಾಂವ್ ಕೇಳಬೇಕು, ಅಂದರೆ ಆಶೀರ್ವಾದ. ಎರಡೂ ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಮಾತುಗಳು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಷ್ಟು ಹಳೆಯದು, ಅಲ್ಲಿಂದ ಲೆಕ್ಕ ಹಾಕಿದರೂ ಈ ಪದಗಳಿಗೆ ಸಾಕಷ್ಟು ವಯಸ್ಸಾಗಿದೆ. ತೇರ್ಸ್ ಮೂಲದಲ್ಲಿ ತೆರ್ಸು, ಮೂರನೇ ಒಂದು ಪಾಲು ಅಂತ ಅರ್ಥ. ಹಿಂದೆ ಪೂರ್ತಿ ಜಪಮಾಲೆಯಲ್ಲಿ 15 ರಹಸ್ಯ, 150 ನಮೋ ಮರಿಯ. ರಹಸ್ಯ ಅಂದರೆ ಹತ್ತು ನಮೋ ಮರಿಯ ಹೇಳುವಾಗ ಧ್ಯಾನಿಸುವ, ಯೇಸು ಮತ್ತು ಮಾತೆಯ ಬದುಕಿನ ಒಂದು ಘಟನೆ. ದಿನಕ್ಕೆ 5 ರಹಸ್ಯ ಹೇಳಿದರೆ ಮೂರನೇ ಒಂದು ಪಾಲು ಆಯಿತು. 2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಬೆಳಕಿನ ರಹಸ್ಯಗಳು 5 ಸೇರಿಸಿದ ಮೇಲೆ ಒಟ್ಟು 20 ಆದವು. ಈಗ ಲೆಕ್ಕದ ಪ್ರಕಾರ ಅದು ಕಾಲು ಪಾಲು, ಆದರೂ ಹೆಸರು ತೇರ್ಸ್ ಅಂತಲೇ ಉಳಿದಿದೆ. ಇಂಥದ್ದು ನನಗೆ ತುಂಬಾ ಇಷ್ಟ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಜಪಸರವನ್ನು ಏನು ಮಾಡುತ್ತೇವೆ? ದಾರದಲ್ಲಿ ಮಣಿ ಸೇರಿಸುತ್ತಾ ಹೋದರೆ ಪೋಣಿಸುವುದು, ಅದರಲ್ಲಿ ಅನುಮಾನವಿಲ್ಲ. ಕೋಯುವುದು ಅಂತ ಹಳಬರು ಹೇಳುತ್ತಿದ್ದರು, ಮುತ್ತು ಕೋದ ಹಾಗೆ ಅನ್ನುವುದರಲ್ಲಿರುವ ಕೋ. ಆದರೆ ತಂತಿಯ ಜಪಸರ ಹಾಗಲ್ಲ. ಅಲ್ಲಿ ಒಂದೇ ದಾರ ಉದ್ದಕ್ಕೂ ಹೋಗುವುದೇ ಇಲ್ಲ. ಪ್ರತಿ ಮಣಿಗೂ ಬೇರೆ ಬೇರೆ ಚಿಕ್ಕ ತಂತಿ. ಮಣಿಯ ಎರಡು ಕಡೆಯೂ ತಂತಿಯ ತುದಿಯನ್ನು ದುಂಡುಮೂತಿಯ ಇಕ್ಕಳದಲ್ಲಿ ಹಿಡಿದು ಸುರುಳಿ ಮಾಡಿ, ಆ ಸುರುಳಿಯನ್ನು ಪಕ್ಕದ ಮಣಿಯ ಸುರುಳಿಗೆ ಸಿಕ್ಕಿಸಿ ಬಾಯಿ ಮುಚ್ಚಬೇಕು. ಬಾಯಿ ಸರಿಯಾಗಿ ಮುಚ್ಚದಿದ್ದರೆ ಬಟ್ಟೆಗೆ ಸಿಕ್ಕಿಕೊಂಡು ಬಿಚ್ಚಿಹೋಗುತ್ತದೆ. ಇದನ್ನು ಪೋಣಿಸುವುದು ಅಂದರೆ ಮಕ್ಕಳು ದಾರ ತಗೊಂಡು ಬರುತ್ತಾರೆ! ಚಿನ್ನದ ತಂತಿಯಲ್ಲಿ ಕರಿಮಣಿ ಸರ ಮಾಡಿಸುವಾಗ 'ಕಟ್ಟಿಸಿಕೊಂಡು ಬಂದೆ' ಅನ್ನುವುದನ್ನು ಕೇಳಿದ್ದೇನೆ, ಆದ್ದರಿಂದ ತಂತಿಯದಕ್ಕೆ ಕಟ್ಟುವುದು ಅಂತಲೇ ಬರೆದಿದ್ದೇನೆ. ಆ ಸುರುಳಿಗೆ ಕುಣಿಕೆ ಅನ್ನಲೋ, ಕೊಂಡಿ ಅನ್ನಲೋ? ಕುಣಿಕೆ ಅಂದರೆ ಹಗ್ಗದ ನೆನಪು ಜಾಸ್ತಿ. ಕೊಂಡಿ ಅಂದರೆ ಸರದ ಕೊನೆಗೆ ಸಿಕ್ಕಿಸುವ ಕೊಕ್ಕೆ ಅಂದುಕೊಳ್ಳುತ್ತಾರೆ. ಅಕ್ಕಸಾಲಿಗರ ಮನೆಯವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ.

ಮೂರನೇ ಬಗೆಯೊಂದಿದೆ, ಮಣಿಯೇ ಇಲ್ಲದ್ದು. ನೈಲಾನ್ ದಾರದಲ್ಲಿ ಗಂಟು ಹಾಕುತ್ತಾ ಹೋಗುವುದು, ಗಂಟೇ ಮಣಿ. ಜೇಬಿನಲ್ಲಿಟ್ಟುಕೊಳ್ಳಲು ಹಗುರ, ಒದ್ದೆಯಾದರೂ ಏನೂ ಆಗುವುದಿಲ್ಲ, ಮಕ್ಕಳಿಗೆ ಮೊದಲು ಕಲಿಸುವುದೂ ಇದನ್ನೇ. ಒಂದಕ್ಕೆ ಸುಮಾರು 20 ಅಡಿ ದಾರ ಬೇಕು. ದಾರವನ್ನು ಬೆರಳಿಗೆ ಮೂರು ಸುತ್ತು ಸುತ್ತಿ, ತುದಿಯನ್ನು ಆ ಸುತ್ತುಗಳ ಒಳಗಿಂದ ತೂರಿಸಿ, ಮೆಲ್ಲಗೆ ಬೆರಳಿಂದ ಜಾರಿಸಿ, ಎರಡು ಕಡೆಯಿಂದ ಎಳೆದರೆ ಪುಟ್ಟ ಪೀಪಾಯಿಯಂಥ ಗಂಟು ಬೀಳುತ್ತದೆ. ಎಳೆಯುವ ಮೊದಲು ಅದನ್ನು ಹಿಂದಿನ ಗಂಟಿನ ಪಕ್ಕಕ್ಕೆ ತಂದು ಕೂರಿಸಬೇಕು, ಬಿಗಿದ ಮೇಲೆ ಅದು ಜಾಗ ಬಿಟ್ಟು ಅಲ್ಲಾಡುವುದಿಲ್ಲ. ನಮ್ಮ ದೊಡ್ಡಮ್ಮ ಟೀವಿ ನೋಡುತ್ತಾ ಕಣ್ಣು ಕೆಳಗೆ ಬಿಡದೆ ಹಾಕುತ್ತಾರೆ. ಅವರನ್ನು ಕೇಳಿದರೆ 'ಗಂಟು ಅಂದ್ರೆ ಗಂಟು, ಅದಕ್ಕೇನು ಹೆಸರು' ಅಂತಾರೆ. ಆದರೆ ಕನ್ನಡದಲ್ಲಿ ಜೀರುಗುಣಿಕೆ, ಕಗ್ಗಂಟು, ಬ್ರಹ್ಮಗಂಟು ಅಂತ ಎಷ್ಟೊಂದು ಬಗೆ ಇರುವಾಗ ಈ ಮೂರು ಸುತ್ತಿನ ಗಂಟಿಗೂ ಬಲೆ ಹೆಣೆಯುವವರಲ್ಲೋ ಸೀರೆ ಕುಚ್ಚು ಹಾಕುವವರಲ್ಲೋ ಹೆಸರು ಇದ್ದೇ ಇರುತ್ತದೆ. ಸುತ್ತುಗಂಟು ಅಂತ ನಾನೇ ಬರೆದುಕೊಂಡಿದ್ದೇನೆ, ಬಳಕೆಯ ಪದ ಸಿಕ್ಕರೆ ಅದನ್ನು ತೆಗೆದುಹಾಕುತ್ತೇನೆ.

ಐದು ಹತ್ತಿನ ಜಪಸರದಲ್ಲಿ ಒಟ್ಟು 59 ಮಣಿ. 53 ನಮೋ ಮರಿಯಕ್ಕೆ, 6 'ಪರಲೋಕದಲ್ಲಿರುವ ನಮ್ಮ ತಂದೆಯೇ'ಗೆ. ಹತ್ತು ಮಣಿಯ ಒಂದು ತುಂಡಿಗೆ ದಶಕ ಅಂತ ಬರೆದವರಿದ್ದಾರೆ. ಅಷ್ಟಕ, ಶತಕ ಇರುವ ಭಾಷೆಯಲ್ಲಿ ದಶಕ ತಪ್ಪೇನೂ ಅಲ್ಲ. ಆದರೆ ಇವತ್ತಿನ ಮಕ್ಕಳಿಗೆ ದಶಕ ಅಂದರೆ ಹತ್ತು ವರ್ಷ. ನಮ್ಮ ಮನೆಯಲ್ಲಿ ಸುಮ್ನೆ 'ಹತ್ತು' ಅಂತಲೇ ಅನ್ನುವುದು, 'ಮೂರನೇ ಹತ್ತು ನೀನು ಹೇಳು' ಅಂತ. ಅದೇ ಸಾಕು ಅಲ್ವಾ?

ಐದು ಹತ್ತುಗಳು ಬಂದು ಸೇರುವ ಕಡೆ, ಶಿಲುಬೆಯ ಎಳೆ ಕೆಳಗಿಳಿಯುವ ಜಾಗದಲ್ಲಿ, ಮಾತೆಯ ಚಿತ್ರದ ಮೂರು ಮೂಲೆಯ ಬಿಲ್ಲೆ ಇರುತ್ತದೆ. ಅದಕ್ಕೆ ಮೇರು ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. 108 ಮಣಿಯ ಜಪಮಾಲೆಯಲ್ಲಿ ಮೇರುವನ್ನು ದಾಟಬಾರದು, ಅಲ್ಲಿಗೆ ಬಂದರೆ ಹಿಂದಕ್ಕೆ ತಿರುಗಬೇಕು. ನಮ್ಮದರಲ್ಲಿ ಆ ಬಿಲ್ಲೆಯಿಂದಲೇ ಸುತ್ತು ಶುರುವಾಗಿ ಅಲ್ಲಿಗೇ ಬಂದು ಮುಗಿಯುತ್ತದೆ, ದಾಟುವುದು ಬಿಡುವುದು ಅನ್ನುವ ಕಟ್ಟುಪಾಡಿಲ್ಲ. ಕೆಲಸ ಬೇರೆಯಾದಾಗ ಹೆಸರು ಮಾತ್ರ ಎರವಲು ತಂದರೆ ಎರಡು ಕಡೆಯವರಿಗೂ ಗೊಂದಲ. ಪದಕ ಅನ್ನುವುದು ಸರಿಹೋಗಬಹುದು. ಬಿಲ್ಲೆ ಇನ್ನೂ ಹತ್ತಿರ ಅನ್ನಿಸುತ್ತದೆ.

ಮಣಿಯ ಬಗ್ಗೆ ಒಂದು ಮಾತು, ಇದು ಪದಕ್ಕಿಂತ ಜಾಸ್ತಿ ಎಚ್ಚರಿಕೆ. ಗುಲಗಂಜಿಯ ಸಸ್ಯಶಾಸ್ತ್ರದ ಹೆಸರು ಏಬ್ರಸ್ ಪ್ರಿಕೇಟೋರಿಯಸ್. ಆ ಎರಡನೇ ಪದ ಪ್ರಾರ್ಥನೆ ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು, ಏಕೆಂದರೆ ಅದರಲ್ಲಿ ಜಪಸರ ಮಾಡುತ್ತಿದ್ದರು. ನೋಡಲು ಕೆಂಪುಕಪ್ಪಾಗಿ ಚೆಂದ, ಆದರೆ ಒಳಗೆ ಕಡುವಿಷ. ತೂತು ಕೊರೆಯುವಾಗಲೇ ಅಪಾಯ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಗುಲಗಂಜಿ ಬೇಡವೇ ಬೇಡ. ನಮಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ಇರುವಾಗ ಅದರ ಹಂಗೇಕೆ.

ಇನ್ನು ಓದುವ ವಿಷಯ. ಜಪಸರಕ್ಕೂ ಓದಿಗೂ ನಂಟು ಹಳೆಯದು. ಮಠಗಳಲ್ಲಿ ಓದು ಬಲ್ಲವರು ಬೈಬಲಿನ 150 ಕೀರ್ತನೆಗಳನ್ನು ಹೇಳುತ್ತಿದ್ದರು, ಓದು ಬಾರದವರು ಅದರ ಬದಲು ಮಣಿ ಎಣಿಸಿ ಅಷ್ಟೇ ಸಲ ಪ್ರಾರ್ಥನೆ ಹೇಳುತ್ತಿದ್ದರು. 150 ನಮೋ ಮರಿಯದ ಲೆಕ್ಕ ಬಂದದ್ದು ಹೀಗೆ. ಇಂಗ್ಲಿಷಿನ ಬೀಡ್ ಕೂಡ ಮೊದಲು ಪ್ರಾರ್ಥನೆ ಅನ್ನುವ ಅರ್ಥದ ಪದ, ಮಣಿ ಅನ್ನುವ ಅರ್ಥ ಆಮೇಲೆ ಬಂತು. ಬೆಳಕಿನ ರಹಸ್ಯಗಳನ್ನು ಸೇರಿಸಿದ 2002ರ ಪತ್ರದಲ್ಲೇ ಪೋಪರು, ರಹಸ್ಯದ ಹೆಸರು ಹೇಳಿದ ಮೇಲೆ ಬೈಬಲಿನ ಒಂದು ಭಾಗ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮಣಿ ಹಿಡಿಯಿರಿ ಅಂತ ಸಲಹೆ ಕೊಟ್ಟರು. ಈ ಚಿಕ್ಕ ಓದಿಗೆ ಏನನ್ನಬೇಕು? ಪೂಜೆಯಲ್ಲಿ 'ಮೊದಲನೆಯ ವಾಚನ' ಇದೆ. ಆದರೆ ವಾಚನ ಅಂದರೆ ಎದ್ದು ನಿಂತು ಮೈಕಿನ ಮುಂದೆ ಹೋಗುವ ಹಾಗಿದೆ. ಮನೆಯಲ್ಲಿ ಚಾಪೆಯ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು ಅಜ್ಜಿ ಓದುವ ನಾಲ್ಕು ಸಾಲಿಗೆ ಅದು ಭಾರ. ಪಾರಾಯಣ ಅಂದರೆ ಮೊದಲಿಂದ ಕೊನೆವರೆಗೆ ಓದಿ ಮುಗಿಸುವುದು, ಅದೂ ಅಲ್ಲ. ಓದಿಕೆ ಚೆನ್ನಾಗಿದೆ, ಆದರೆ ಉತ್ತರ ಕರ್ನಾಟಕದಲ್ಲಿ ಮೊಹರಮ್ಮಿಗೆ ಸಕ್ಕರೆ ಓದಿಸುವುದಕ್ಕೆ ಓದಿಕೆ ಅಂತಾರೆ, ಆ ಕಡೆಯವರಿಗೆ ಅದೇ ನೆನಪಾಗುತ್ತದೆ. ಓದು ಅಂತ ಬಿಟ್ಟರೆ ಶಾಲೆಯ ಓದು. ಇಲ್ಲಿ ನಾನು ನಿಜಕ್ಕೂ ಸಿಕ್ಕಿಕೊಂಡಿದ್ದೇನೆ.

ಹೊಸ ಪದ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ. ಕ್ರಿಸ್ಮಸ್ಸಿನಲ್ಲಿ ಮನೆಮನೆಯಲ್ಲಿ ಹುಲ್ಲು, ಕಡ್ಡಿ, ಬಣ್ಣದ ಕಾಗದದಲ್ಲಿ ಮಾಡುವ ಗೋದಲಿ ನೋಡಿ. ದನಕ್ಕೆ ಮೇವು ಹಾಕುವ ಜಾಗದ ಹೆಸರು ಅದು, ಧಾರವಾಡದ ಕಡೆ ಗ್ವಾದಲಿ ಅಂತಾರೆ. ಬೈಬಲನ್ನು ಕನ್ನಡಕ್ಕೆ ತಂದವರು ಕೊಟ್ಟಿಗೆಯ ಮಾತನ್ನೇ ಎತ್ತಿಕೊಂಡರು, ಇವತ್ತಿಗೂ ಅದಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ. ಜಪಸರದ ಕೆಲಸಕ್ಕೂ ಅಂಥ ಮಾತು ಬೇಕು.

ಆದ್ದರಿಂದ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ನಿಜವಾಗಿ ಕೇಳಿದ ಪದವನ್ನೇ ಬರೆಯಿರಿ, ಕ್ರೈಸ್ತರೇ ಆಗಿರಬೇಕು ಅಂತಿಲ್ಲ. ಯಾವ ಊರಿನದು, ಯಾವ ಕಸುಬಿನವರ ಬಾಯಲ್ಲಿ ಕೇಳಿದ್ದು ಅನ್ನುವುದನ್ನೂ ಸೇರಿಸಿದರೆ ಒಳ್ಳೆಯದು. ಮುಖ್ಯವಾಗಿ ಬೇಕಾದದ್ದು ತಂತಿಯ ಸುರುಳಿಗೆ, ಮೂರು ಸುತ್ತಿನ ಗಂಟಿಗೆ, ಮತ್ತೆ ಹತ್ತುಗಳ ನಡುವಿನ ಆ ಚಿಕ್ಕ ಓದಿಗೆ. ಕೈಪಿಡಿ ಸೆಪ್ಟೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತದೆ.